ಉಸಿರೆಣಿಸಿ ನ್ಯುಮೋನಿಯಾ ಪತ್ತೆ

ಕೆಮ್ಮುತ್ತಿರುವ ಕೂಸಿಗೆ ಬಂದಿರುವುದು ಬರೀ ನೆಗಡಿಯೋ, ನ್ಯುಮೋನಿಯಾವೋ? ವೈದ್ಯರಾದರೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸುತ್ತಾರೆ. ಅನುಮಾನ ಬಂದರೆ ಎಕ್ಸ್‌ರೇ ತೆಗೆಸುತ್ತಾರೆ. ವೈದ್ಯರೂ ಎಕ್ಸ್‌ರೇಯೂ ಇಲ್ಲದ ಊರಿನಲ್ಲಿ ಏನು ಮಾಡುವುದು? ಔಷಧ ತಡವಾದರೆ ಕೆಲವೇ ದಿನಗಳಲ್ಲಿ ಮಗು ಕೈತಪ್ಪಿಹೋದೀತು.

ಇದಕ್ಕೊಂದು ದಾರಿ ತೋರಿಸಿದ್ದು ಪಪುವಾ ನ್ಯೂಗಿನಿಯ ಗುಡ್ಡಗಾಡಿನ ಗೊರೋಕಾ. ಅಲ್ಲಿನ ಆಸ್ಪತ್ರೆಗೆ ಕೆಮ್ಮೆಂದು ಬಂದ ಮಕ್ಕಳನ್ನು ಅಭ್ಯಸಿಸಿ ಫ್ರಾಂಕ್ ಶಾನ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಲೇಖನದ ಸಾರ ಎರಡೇ ಮಾತು. ಮಗು ನಿಮಿಷಕ್ಕೆ 50ಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ಆಂಟಿಬಯಾಟಿಕ್ ಕೊಡಿ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ಆಸ್ಪತ್ರೆಗೆ ಸೇರಿಸಿ. ಸೋಂಕು ತಗುಲಿದ ಶ್ವಾಸಕೋಶ ಸಲೀಸಾಗಿ ಹಿಗ್ಗುವುದಿಲ್ಲ. ಒಂದೊಂದು ಉಸಿರಿಗೆ ಸಿಗುವ ಗಾಳಿ ಕಡಿಮೆಯಾಗಿ, ಮಗು ಬೇಗಬೇಗ ಉಸಿರಾಡುತ್ತದೆ. ಇದನ್ನು ಗುರುತಿಸಲು ಕಣ್ಣು, ಗಡಿಯಾರ ಮತ್ತು ತಾಳ್ಮೆ ಸಾಕು. ತಾಳ್ಮೆ ಏಕೆಂದರೆ, ಅಳುವ ಮಗುವಿನ ಉಸಿರು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಮಗು ಬೆಳೆದಂತೆ ಉಸಿರಿನ ವೇಗ ಇಳಿಯುವುದರಿಂದ ಎಲ್ಲ ವಯಸ್ಸಿಗೂ ಒಂದೇ ಗಡಿ ಸಲ್ಲದು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ತಂಡ 1988ರಲ್ಲಿ ಇದನ್ನು ಲೆಕ್ಕಸಹಿತ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ ಕೊನೆಗೆ ನಿಗದಿ ಮಾಡಿದ್ದು 2 ತಿಂಗಳೊಳಗಿನ ಶಿಶುವಿಗೆ 60, ಆಮೇಲೆ ವರ್ಷ ತುಂಬುವವರೆಗೆ 50, ಐದು ವರ್ಷದವರೆಗೆ 40.

ಆದರೆ ಐವತ್ತರವರೆಗೆ ಎಣಿಸಲು ಬಾರದ ಸೂಲಗಿತ್ತಿಯರ ಪಾಡೇನು? ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಇದಕ್ಕೊಂದು ಮಣಿಚೌಕಟ್ಟು ರೂಪಿಸಿದರು. ಜೊತೆಗೆ ಒಂದು ನಿಮಿಷದ ಮರಳು ಗಡಿಯಾರ. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಮುಗಿಯುವ ಮೊದಲೇ ಕೆಂಪು ಮಣಿಯ ಸರದಿ ಬಂದರೆ ನ್ಯುಮೋನಿಯಾ. ಅಲ್ಲಿ ಸೂಲಗಿತ್ತಿಯರೂ ಗ್ರಾಮ ಕಾರ್ಯಕರ್ತರೂ ಔಷಧ ಕೊಟ್ಟ ಹಳ್ಳಿಗಳಲ್ಲಿ ಐದು ವರ್ಷದೊಳಗಿನ ಸಾವಿರ ಮಕ್ಕಳಲ್ಲಿ ನ್ಯುಮೋನಿಯಾದಿಂದ ಸತ್ತವರು 8.1, ಈ ಸೌಲಭ್ಯವಿಲ್ಲದ ಹಳ್ಳಿಗಳಲ್ಲಿ 17.5 ಎಂದು 1990ರ ವರದಿ ಹೇಳಿತು. ಅಕ್ಷರ ಬಾರದವರ ಕೈಗೆ ಆಂಟಿಬಯಾಟಿಕ್ ಕೊಡುವುದೇ ಎಂದು ಹುಬ್ಬೇರಿಸುವವರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಹಾಗೆಂದು ಈ ಲೆಕ್ಕ ತಪ್ಪುವುದೇ ಇಲ್ಲ ಎಂದಲ್ಲ. ಮಲೇರಿಯಾ ಜ್ವರದಲ್ಲೂ ಉಬ್ಬಸದಲ್ಲೂ ಉಸಿರು ಬಿರುಸಾಗುತ್ತದೆ. ಬೇಡದ ಮಗುವಿಗೂ ಔಷಧ ಸಲ್ಲುತ್ತದೆ, ಔಷಧಕ್ಕೆ ಬಗ್ಗದ ರೋಗಾಣುಗಳ ಕಾಲದಲ್ಲಿ ಇದು ಸಣ್ಣ ಚಿಂತೆಯಲ್ಲ. ನಿಯಮ ಮಾಡಿದವರಿಗೂ ಇದು ಗೊತ್ತಿತ್ತು. ಬೇಕಾದ ಮಗುವಿಗೆ ತಪ್ಪಿಹೋಗುವುದಕ್ಕಿಂತ ಇದು ವಾಸಿ ಎಂದೇ ಅವರು ಗಡಿ ಹಾಕಿದ್ದು.

ಗೊರೋಕಾದ ಎರಡನೆಯ ಮಾತು ಮುಂದೆ ಬದಲಾಯಿತು. ಎದೆ ಒಳಸೆಳೆದರೂ ಬೇರೆ ಅಪಾಯದ ಚಿಹ್ನೆ ಇಲ್ಲದಿದ್ದರೆ ಅಮಾಕ್ಸಿಸಿಲಿನ್ ಕೊಟ್ಟು ಮನೆಯಲ್ಲೇ ಆರೈಕೆ ಮಾಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ತಿದ್ದಿತು. ಹಾಲು ಕುಡಿಯಲಾಗದ, ಫಿಟ್ಸ್ ಬಂದ, ಎಬ್ಬಿಸಿದರೂ ಏಳದ ಮಗು ಮಾತ್ರ ಆಸ್ಪತ್ರೆಗೇ ಹೋಗಬೇಕು.