ನಮ್ಮೂರ ಡೀಸೆಲ್ಲಿನ ಇಪ್ಪತ್ತೈದು ವರ್ಷ



ನಮ್ಮ ಸಂಘ ಬೆಳ್ಳಿ ಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಅಧ್ಯಕ್ಷರು ಹೇಳಿದರು. ಸಾಲ, ಷೇರು, ಗೊಬ್ಬರದ ಚರಿತ್ರೆಯನ್ನು ಹಿರಿಯರು ಬರೆದಿದ್ದಾರೆ. ನಾವು ಎಸ್.ಎಸ್.ಎಲ್.ಸಿ. ಓದಿ ನೇಗಿಲು ಹಿಡಿದವರು. ಆದ್ದರಿಂದ ನಮ್ಮ ಸಣ್ಣ ಟ್ರಾಕ್ಟರ್ ಕುಡಿದ ಡೀಸೆಲ್ಲಿನ ಕಥೆ ಬರೆಯುತ್ತೇವೆ. ಇದರಲ್ಲಿ ನಮ್ಮದೇ ಒಂದು ತಪ್ಪೂ ಇದೆ.

ಡೀಸೆಲ್ಲಿನಲ್ಲಿ ಹುಟ್ಟಿನಿಂದಲೇ ಗಂಧಕ ಇರುತ್ತದೆ. 1996ಕ್ಕೆ ಮುಂಚೆ ನಮ್ಮ ದೇಶದಲ್ಲಿ ಶೇಕಡಾ 1ರವರೆಗೆ ಇರಬಹುದಿತ್ತು. ಅಂದರೆ 100 ಕೆ.ಜಿ. ಡೀಸೆಲ್ಲಿಗೆ 1 ಕೆ.ಜಿ. ಗಂಧಕ! ಅದು ಇಂಜಿನ್ನಿನಲ್ಲಿ ಉರಿದು, ನೀರಿನಂಶ ಸೇರಿ ಆಮ್ಲವಾಗುತ್ತದೆ. ಸೈಲೆನ್ಸರ್ ತಿನ್ನುತ್ತದೆ, ಆಯಿಲ್ ಬೇಗ ಕೆಡಿಸುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಕಣ್ಣು ಉರಿಯುವ ಆ ಹೊಗೆ ಹಳಬರಿಗೆಲ್ಲ ನೆನಪಿದ್ದೀತು.

2000ದಲ್ಲಿ ನಮ್ಮ ಸಂಘ ಹುಟ್ಟುವ ಹೊತ್ತಿಗೆ ಇದು 250 ಗ್ರಾಂಗೆ ಇಳಿದಿತ್ತು. ದೆಹಲಿಯ ಹೊಗೆಯ ಬಗ್ಗೆ ವಕೀಲ ಎಂ.ಸಿ. ಮೆಹ್ತಾ ಅವರು 1985ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿ, ಆಮೇಲೆ 2002ರ ಮಾಶೇಲ್ಕರ್ ಸಮಿತಿಯ ವರದಿ, ಇವುಗಳಿಂದ ಕೆಲಸ ಮುಂದುವರಿಯಿತು. 2005ರಲ್ಲಿ 50 ಗ್ರಾಂ, 2010ರಲ್ಲಿ 35 ಗ್ರಾಂ, 2017ರಲ್ಲಿ 5 ಗ್ರಾಂ. ಕೊನೆಗೆ 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿ.ಎಸ್. 6 ಡೀಸೆಲ್ ಬಂತು. 100 ಕೆ.ಜಿ.ಯಲ್ಲಿ ಬರೀ 1 ಗ್ರಾಂ.

ಒಂದು ಮಾತು ಗಮನಿಸಬೇಕು. 5 ಗ್ರಾಂ ಡೀಸೆಲ್ ಬೆಂಗಳೂರಿಗೆ 2010ರಲ್ಲೇ ಬಂತು. ನಮ್ಮಂಥ ಹಳ್ಳಿಗೆ ಬರಲು ಇನ್ನೂ ಹಲವು ವರ್ಷ ಬೇಕಾಯಿತು. ಪಟ್ಟಣದವರ ಶ್ವಾಸಕೋಶ ಮೊದಲು, ರೈತರದು ಆಮೇಲೆ. 1 ಗ್ರಾಂ ಡೀಸೆಲ್ ಮಾತ್ರ ಬೆಂಗಳೂರಿಗೂ ನಮಗೂ ಒಂದೇ ಸಲ ಸಿಕ್ಕಿತು.

ಮಂಗಳೂರಿನ ರಿಫೈನರಿ 1996ರಲ್ಲಿ ಶುರುವಾಯಿತು. 2003ರಿಂದ ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನಿನಲ್ಲಿ ಡೀಸೆಲ್ ನಮ್ಮ ಹಾಸನ ಸೀಮೆಯ ನೆಲದಡಿಯಲ್ಲೇ ಹರಿಯುತ್ತಿದೆ. ರಿಫೈನರಿಗಳಲ್ಲಿ ಹೈಡ್ರೋಜನ್ ಅನಿಲ, ಶಾಖ ಮತ್ತು ಒತ್ತಡ ಕೊಟ್ಟು ಗಂಧಕ ಬೇರ್ಪಡಿಸುತ್ತಾರೆ. ತೆಗೆದ ಗಂಧಕ ದಂಡವಾಗುವುದಿಲ್ಲ. ಇಂಥ ಗಂಧಕದಿಂದಲೇ ಸಲ್ಫ್ಯೂರಿಕ್ ಆಸಿಡ್ ಆಗಿ, ಅದರಿಂದ ರಂಜಕದ ಗೊಬ್ಬರ ತಯಾರಾಗುತ್ತದೆ. ಸಂಘದಲ್ಲಿ ಸಾಲಿನಲ್ಲಿ ನಿಂತು ನಾವು ಒಯ್ಯುವ ಡಿ.ಎ.ಪಿ.ಯ ಹಿಂದೆಯೂ ಗಂಧಕವಿದೆ ಎಂದರೆ ಆಶ್ಚರ್ಯವಲ್ಲವೇ?

ಈಗ ನಮ್ಮ ತಪ್ಪಿನ ವಿಚಾರ. 2006ರಲ್ಲಿ ಸಂಘದ ಸಾಲದಿಂದ ನಾವು 18 ಎಚ್.ಪಿ.ಯ ಸಣ್ಣ ಟ್ರಾಕ್ಟರ್ ತಂದಿದ್ದೆವು. ತೆಂಗಿನ ಸಾಲಿನ ಮಧ್ಯೆ ಸಲೀಸಾಗಿ ತಿರುಗೋದು. ಹೊಸ ಡೀಸೆಲ್ ಬಂದಾಗ ಲಾಕ್‌ಡೌನ್. ಗ್ಯಾರೇಜು ಬಂದ್, ಕೇಳೋಣ ಅಂದರೆ ಯಾರೂ ಇಲ್ಲ. "ಇದು ಒಣ ಡೀಸೆಲ್, ಗಂಧಕ ಇಲ್ದೆ ಪಂಪು ಸವೆದು ಹೋಗುತ್ತೆ" ಎಂಬ ಸುದ್ದಿ ಹಬ್ಬಿತು. ಅದೇ ವಾರ ನಮ್ಮ ಟ್ರಾಕ್ಟರಿನ ಪಂಪು ಜಿನುಗತೊಡಗಿತು. ನಾವೂ ನಂಬಿದೆವು. ಸಂಘದ ಜಗಲಿಯಲ್ಲಿ ನಿಂತು, "ಇಂಜಿನ್ನಿಂದ ಇಳಿಸಿದ ಹಳೇ ಆಯಿಲ್ ಒಂದಿಷ್ಟು ಟ್ಯಾಂಕಿಗೆ ಹಾಕ್ಕೊಳ್ಳಿ, ಜಾರು ಬರುತ್ತೆ" ಅಂತ ನಾಲ್ಕು ಜನಕ್ಕೆ ಹೇಳಿಯೂ ಬಿಟ್ಟೆವು.

ನಮ್ಮ ಚಿಕ್ಕಪ್ಪನವರು ಹಾಗೇ ಮಾಡಿದರು. ಆಲೂಗಡ್ಡೆ ಬಿತ್ತನೆಗೆ ಹದ ಬಂದ ದಿನವೇ ಅವರ ಟ್ರಾಕ್ಟರ್ ಹೊಲದಲ್ಲಿ ನಿಂತಿತು. ಫಿಲ್ಟರ್ ಕಟ್ಟಿ, ಇಂಜೆಕ್ಟರ್ ಹಾಳಾಗಿತ್ತು. ಮೆಕ್ಯಾನಿಕ್ ಸಾಬರು ಬರಲು ನಾಲ್ಕು ದಿನ ಹಿಡಿಯಿತು. ಬಿಚ್ಚಿ ನೋಡಿ ನಮ್ಮ ಕಡೆ ತಿರುಗಿ, "ಗೌಡ್ರೇ, ಗಂಧಕ ಏನು ಎಣ್ಣೇನಾ? ಹಳೇ ಆಯಿಲ್ಲಲ್ಲಿ ಮಸಿ, ಲೋಹದ ಪುಡಿ ಇರುತ್ತೆ ಕಣ್ರೀ. ಯಾರು ಹೇಳಿದ್ರು ಇದನ್ನ?" ಎಂದರು. ಚಿಕ್ಕಪ್ಪ ಬೈಯಲಿಲ್ಲ. "ನೀನು ಡೈರೆಕ್ಟ್ರು ಅಂತ ನಂಬ್ದೆ ಕಣಪ್ಪ" ಅಂದರು ಅಷ್ಟೇ. ಇಂಜೆಕ್ಟರಿನ ದುಡ್ಡು ನಾವೇ ಕೊಟ್ಟೆವು. ಹೋದ ಹದವನ್ನು ಎಲ್ಲಿಂದ ತಂದು ಕೊಡೋಣ?

ಆಮೇಲೆ ತಿಳಿದ ನಿಜ ಸಂಗತಿ ಇಷ್ಟು. ಜಾರು ಕೊಡುವುದು ಗಂಧಕವಲ್ಲ. ಗಂಧಕ ತೆಗೆಯುವಾಗ ಜೊತೆಗಿದ್ದ ಬೇರೆ ಕೆಲವು ಅಂಶಗಳೂ ಹೋಗಿ ಜಾರು ಕಡಿಮೆಯಾಗುತ್ತದೆ ನಿಜ. ಆದರೆ ಪಂಪು ಎಷ್ಟು ಸವೆಯಬಹುದು ಎಂಬುದಕ್ಕೂ ಸರ್ಕಾರದ ಮಾನದಂಡ ಇದೆ. ಅದಕ್ಕೆ ಬೇಕಾದ ದ್ರವ್ಯ ಸೇರಿಸಿಯೇ ಡೀಸೆಲ್ ಬಂಕಿಗೆ ಬರುತ್ತದೆ. ಇನ್ನು ನಮ್ಮ ಪಂಪು ಜಿನುಗಿದ್ದಕ್ಕೆ ಕಾರಣ ಹದಿನಾಲ್ಕು ವರ್ಷದ ಹಳೇ ರಬ್ಬರ್ ಸೀಲು. ಹಳೇ ಡೀಸೆಲ್ಲಿನಲ್ಲಿ ಉಬ್ಬಿಕೊಂಡಿದ್ದ ರಬ್ಬರು ಹೊಸದರಲ್ಲಿ ಕುಗ್ಗುವುದುಂಟು. ಸೀಲು ಬದಲಾಯಿಸಿದೆವು, ನಿಂತಿತು. ಟ್ರಾಕ್ಟರ್ ಇವತ್ತಿಗೂ ಓಡುತ್ತಿದೆ, ಹೊಗೆಯ ಘಾಟೂ ಕಡಿಮೆಯಾಗಿದೆ.

ಸದಸ್ಯರಲ್ಲಿ ನಮ್ಮ ವಿನಂತಿ: ಹಳೇ ಆಯಿಲ್, ಸೀಮೆಎಣ್ಣೆ ಯಾವುದನ್ನೂ ಬೆರೆಸಬೇಡಿ. ಸೀಮೆಎಣ್ಣೆಯಿಂದ ಜಾರು ಇನ್ನೂ ಕಡಿಮೆಯಾಗುತ್ತದೆ. ಡ್ರಮ್ಮಿನಲ್ಲಿ ಬಹಳ ದಿನ ಡೀಸೆಲ್ ಇಡಬೇಡಿ, ನೀರು ಕೂಡುತ್ತದೆ. ಫಿಲ್ಟರ್ ತಳದ ನೀರನ್ನು ಆಗಾಗ ಬಿಡಿ. ಹಳೇ ಗಾಡಿಯ ಸೀಲು, ಪೈಪು ನೋಡಿಕೊಳ್ಳಿ. ಡೀಸೆಲ್ ಚೊಕ್ಕಟವಾಯಿತು ಅಂತ ಆಯಿಲ್ ಬದಲಾಯಿಸುವುದನ್ನು ಮುಂದೂಡಬೇಡಿ.

ಇನ್ನೊಂದು ಮಾತು ನಮ್ಮಂಥ ನಿರ್ದೇಶಕರಿಗೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಮೊದಲ ಕೃಷಿ ಸಹಕಾರ ಸಂಘ ನಂಬಿಕೆಯ ಮೇಲೆ ನಿಂತಿತು. ನಮ್ಮ ಸಂಘವೂ ಅಷ್ಟೇ. ಇದರ ಜಗಲಿಯಲ್ಲಿ ಆಡಿದ ಮಾತಿಗೆ ತೂಕ ಇದೆ. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ, ಕೇಳಿ ಹೇಳ್ತೀವಿ" ಅನ್ನೋದು ಸಣ್ಣತನವಲ್ಲ.

ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸಿ ವಿರಮಿಸುತ್ತೇವೆ.