ಉಗ್ರಾಣದ ಬೀಗದಕೈ

ನಮ್ಮ ಕಡೆ ಮದುವೆ ಎಂದರೆ ಒಬ್ಬರು ಉಗ್ರಾಣಕ್ಕೆ ಕೂರಲೇಬೇಕು. ನಮ್ಮ ಬಳಗದಲ್ಲಿ ಆ ಕೆಲಸ ತೀರ್ಥಹಳ್ಳಿಯ ಸೋದರಮಾವನದು. ಮುಹೂರ್ತಕ್ಕೆ ಎರಡು ದಿನ ಮುಂಚೆಯೇ ಅವರು ಛತ್ರಕ್ಕೆ ಹೋಗಿ, ಬಾವಿಯಲ್ಲಿ ನೀರಿದೆಯೇ, ಸೌದೆ ಒಲೆಯೋ ಗ್ಯಾಸೋ, ಕೊಪ್ಪರಿಗೆ ಸೋರುತ್ತದೆಯೇ, ಸೌಟಿನ ಹಿಡಿ ಗಟ್ಟಿಯಿದೆಯೇ ಎಂದು ಒಂದೊಂದನ್ನೂ ಮುಟ್ಟಿ ನೋಡಿ ಬರುತ್ತಿದ್ದರು. ಊಟ ಚೆನ್ನಾಗಿದ್ದರೆ ಜನ ಹೊಗಳುತ್ತಿದ್ದುದು ಅಡಿಗೆ ಭಟ್ಟರನ್ನು. ಏನಾದರೂ ಸಾಲದೆ ಹೋದಾಗ ಮಾತ್ರ ‘ಉಗ್ರಾಣದಲ್ಲಿ ಯಾರಿದ್ದರು?’ ಎಂಬ ಪ್ರಶ್ನೆ ಏಳುತ್ತಿತ್ತು. ಕೊನೆಯ ಪಂಕ್ತಿಯಲ್ಲಿ, ಬೀಗದಕೈ ಗೊಂಚಲನ್ನು ಎಲೆಯ ಪಕ್ಕದಲ್ಲಿಟ್ಟುಕೊಂಡು ಮಾವ ಉಣ್ಣುತ್ತಿದ್ದುದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಕಳೆದ ಇಪ್ಪತ್ತು ವರ್ಷಗಳಿಂದ ನಾನು ಮಾಡುತ್ತಿರುವುದೂ ಉಗ್ರಾಣದ ಕೆಲಸವೇ. ನಾಲ್ಕಾರು ದೇಶದವರು ಬಿಡುವಿನಲ್ಲಿ ಕೂಡಿ ಬರೆದ ಒಂದು ಸಣ್ಣ ಮುಕ್ತ ತಂತ್ರಾಂಶವಿದೆ. ಅದರ ಬುದ್ಧಿವಂತಿಕೆಯೆಲ್ಲ ಬೇರೆಯವರದು. ಅದು ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ತಪ್ಪದೆ ಕಟ್ಟಿಕೊಳ್ಳುವಂತೆ ನೋಡಿಕೊಳ್ಳುವ ‘ಬಿಲ್ಡ್ ಸಿಸ್ಟಮ್’ ಮಾತ್ರ ನನ್ನ ಪಾಲಿನದು. ಮನೆಯಲ್ಲಿ ‘ನೀವು ಮಾಡಿದ್ದು ಯಾವುದು, ತೋರಿಸಿ’ ಎಂದರೆ ತೋರಿಸಲು ಏನೂ ಇಲ್ಲ. ಎಲ್ಲವೂ ಸರಿಯಾಗಿದ್ದರೆ ನನ್ನ ಕೆಲಸ ಕಾಣುವುದೇ ಇಲ್ಲ.

ಈ ಕೆಲಸಕ್ಕೂ ಒಂದು ವಂಶವೃಕ್ಷವಿದೆ. ಪ್ರೋಗ್ರಾಮು ಎನ್ನುವುದು ಒಂದೇ ಕಡತವಲ್ಲ. ನೂರಾರು ಸೋರ್ಸ್ ಕಡತಗಳನ್ನು ಒಂದೊಂದಾಗಿ ಕಂಪೈಲ್ ಮಾಡಿ, ಬಂದದ್ದನ್ನೆಲ್ಲ ಕೊನೆಗೆ ಒಟ್ಟುಗೂಡಿಸಬೇಕು. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವ್ ಜಾನ್ಸನ್ ಎಂಬವರು, ತಪ್ಪೇ ಇಲ್ಲದ ಪ್ರೋಗ್ರಾಮಿನಲ್ಲಿ ಬೆಳಗಿನ ಹೊತ್ತೆಲ್ಲ ತಪ್ಪು ಹುಡುಕಿ ಸೋತರಂತೆ. ತಪ್ಪನ್ನು ತಿದ್ದಿಯಾಗಿತ್ತು; ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಲು ಮರೆತಿದ್ದರು, ಅಷ್ಟೇ. ಅವರು ಸಿಟ್ಟಿನಲ್ಲಿ ಹೇಳಿಕೊಂಡದ್ದನ್ನು ಕೇಳಿದ ಸ್ಟುವರ್ಟ್ ಫೆಲ್ಡ್‌ಮನ್ ಆ ವಾರಾಂತ್ಯ ಕೂತು ‘ಮೇಕ್’ ಬರೆದರು. ಅದರ ತರ್ಕ ಬಹಳ ಸರಳ: ಸೋರ್ಸ್ ಕಡತದ ತಾರೀಖು, ಅದರಿಂದ ಹುಟ್ಟಿದ ಕಡತದ ತಾರೀಖಿಗಿಂತ ಹೊಸದಾಗಿದ್ದರೆ ಅದನ್ನು ಮತ್ತೆ ಕಂಪೈಲ್ ಮಾಡು, ಇಲ್ಲದಿದ್ದರೆ ಸುಮ್ಮನಿರು.

ಮೇಕ್‌ನಲ್ಲಿ ಒಂದು ಕುಖ್ಯಾತ ನಿಯಮವಿದೆ. ಆಜ್ಞೆಯ ಸಾಲು ಟ್ಯಾಬ್ ಅಕ್ಷರದಿಂದಲೇ ಶುರುವಾಗಬೇಕು. ಅಷ್ಟೇ ಅಗಲದ ಖಾಲಿ ಜಾಗಗಳನ್ನು ಬಿಟ್ಟರೆ ಆಗದು. ಕಣ್ಣಿಗೆ ಎರಡೂ ಬಯಲೇ. ಇದು ಎಡವಟ್ಟು ಎಂದು ಫೆಲ್ಡ್‌ಮನ್ನರಿಗೆ ಗೊತ್ತಾಗುವಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಅದನ್ನು ಬಳಸತೊಡಗಿದ್ದರು. ಅವರಿಗೆ ತೊಂದರೆಯಾಗಬಾರದೆಂದು ಹಾಗೆಯೇ ಬಿಟ್ಟರು. ಅಂದಿನಿಂದ ಲೋಕದ ಉದ್ದಗಲಕ್ಕೂ ಜನ ಆ ಟ್ಯಾಬನ್ನು ಶಪಿಸುತ್ತಲೇ ಇದ್ದಾರೆ. ಶಪಿಸಿದವರಲ್ಲಿ ನಾನೂ ಒಬ್ಬ. ಆದರೆ ನಾನೇ ಉಗ್ರಾಣಕ್ಕೆ ಕೂತ ಮೇಲೆ, ಹತ್ತು ಜನಕ್ಕೆ ತೊಂದರೆಯಾಗಬಾರದೆಂಬ ಅವರ ದಾಕ್ಷಿಣ್ಯ ನನಗೆ ಅರ್ಥವಾಗತೊಡಗಿತು.

ಮೇಕ್ ಬಂದ ಮೇಲೂ ಒಂದು ತೊಡಕು ಉಳಿಯಿತು. ಯುನಿಕ್ಸ್ ಎಂಬ ಹೆಸರಿನಲ್ಲಿ ಒಂದೊಂದು ಕಂಪೆನಿಯದೂ ಒಂದೊಂದು ಬಗೆ. ಇಲ್ಲಿ ಇರುವ ಸೌಲಭ್ಯ ಅಲ್ಲಿಲ್ಲ. 1991ರ ಬೇಸಿಗೆಯಲ್ಲಿ ಗ್ನೂ ತಂತ್ರಾಂಶಗಳನ್ನು ನೋಡಿಕೊಳ್ಳುತ್ತಿದ್ದ ಡೇವಿಡ್ ಮೆಕೆಂಝಿಯವರಿಗೆ ಇದು ಸಾಕುಸಾಕಾಯಿತು. ಬಳಸುವವರು ಮೇಕ್ ಕಡತ ತೆರೆದು ಇಪ್ಪತ್ತರಷ್ಟು ಆಯ್ಕೆಗಳನ್ನು ಕೈಯಿಂದ ತುಂಬಬೇಕಿತ್ತು. ಅದರ ಬದಲು ಯಂತ್ರವನ್ನೇ ಕೇಳಿ ತಿಳಿದುಕೊಳ್ಳುವ ಸಣ್ಣ ಸ್ಕ್ರಿಪ್ಟನ್ನು ಅವರು ಬರೆದರು. ಅದೇ ಮುಂದೆ ‘ಆಟೋಕಾನ್ಫ್’ ಆಗಿ ಬೆಳೆಯಿತು. ‘ಕಾನ್ಫಿಗರ್’ ಎಂದು ಟೈಪ್ ಮಾಡಿದರೆ ಸಾಕು, ಕಂಪೈಲರ್ ಕೆಲಸ ಮಾಡುತ್ತದೆಯೇ, ಹೌದು. ಆ ಫಂಕ್ಷನ್ ಇದೆಯೇ, ಇಲ್ಲ ಎಂದು ಪರದೆಯ ಮೇಲೆ ಸಾಲು ಸಾಲಾಗಿ ಹರಿಯುತ್ತದೆ. ಮೊದಲ ಸಲ ನೋಡಿದಾಗ ನನಗೆ ಛತ್ರದಲ್ಲಿ ಸೌಟು ಮುಟ್ಟಿ ನೋಡುತ್ತಿದ್ದ ಮಾವನ ನೆನಪಾಯಿತು.

ಆ ಸಾಲುಗಳ ಆರಂಭದಲ್ಲೇ ಒಂದು ವಿಚಿತ್ರ ಪ್ರಶ್ನೆ ಇರುತ್ತದೆ: ಈ ಪರಿಸರದ ಬುದ್ಧಿ ಸ್ವಾಧೀನದಲ್ಲಿದೆಯೇ? ಇದು ಯಾರದೋ ತಮಾಷೆ ಎಂದುಕೊಂಡಿದ್ದೆ. 1998ರಲ್ಲಿ ಮೈಸೂರಿನ ಬಾಡಿಗೆ ಕೋಣೆಯಲ್ಲಿ ನನ್ನದೊಂದು ಹಳೆಯ ಕಂಪ್ಯೂಟರಿತ್ತು. ಒಂದು ರಾತ್ರಿ ನಾನು ಎಷ್ಟು ತಿದ್ದಿದರೂ ಪ್ರೋಗ್ರಾಮು ಹಳೆಯ ತಪ್ಪನ್ನೇ ಮಾಡುತ್ತಿತ್ತು. ಮೇಕ್ ಅಂತೂ ‘ಮಾಡುವುದು ಏನೂ ಇಲ್ಲ’ ಎಂದು ಆರಾಮವಾಗಿತ್ತು. ಬೆಳಗಾಗುವ ಹೊತ್ತಿಗೆ ಬೇಸತ್ತು ಕಾನ್ಫಿಗರ್ ಓಡಿಸಿದರೆ, ಅದು ಆ ಪ್ರಶ್ನೆಯಲ್ಲೇ ನಿಂತು, ಗಡಿಯಾರ ನೋಡು ಎಂದಿತು. ನೋಡುತ್ತೇನೆ, ಯಂತ್ರದೊಳಗಿನ ಬ್ಯಾಟರಿ ಸತ್ತು ಇಸವಿ 1980ಕ್ಕೆ ಹೋಗಿದೆ! ನಾನು ಅಂದು ತಿದ್ದಿದ್ದೆಲ್ಲ ಮೇಕ್‌ನ ಲೆಕ್ಕದಲ್ಲಿ ಹದಿನೆಂಟು ವರ್ಷ ಹಳೆಯದು. ಆ ಪರೀಕ್ಷೆ ಮಾಡುವುದು ಇಷ್ಟೇ: ಒಂದು ಹೊಸ ಕಡತ ಹುಟ್ಟಿಸಿ, ಅದು ಹಳೆಯ ಕಡತಕ್ಕಿಂತ ಹೊಸದೇ ಎಂದು ನೋಡುವುದು. ಹಿಂದೆ ಯಾರೋ ನನ್ನಂತೆಯೇ ನಿದ್ದೆಗೆಟ್ಟು, ಮುಂದಿನವರು ಕೆಡದಿರಲಿ ಎಂದು ಆ ಸಾಲು ಬರೆದಿಟ್ಟಿದ್ದರು. ನಾನು ಈ ಕೆಲಸಕ್ಕೆ ಮನಸೋತದ್ದು ಆವತ್ತೇ.

ಆದರೆ ಆಟೋಕಾನ್ಫ್ ಯುನಿಕ್ಸ್ ಮನೆತನದ್ದು. ವಿಂಡೋಸ್ ಮನೆಯ ಮಡಿಮೈಲಿಗೆಯೇ ಬೇರೆ. ಅಲ್ಲಿ ‘ಆಕ್ಸ್’ ಎಂದು ಕಡತಕ್ಕೆ ಹೆಸರಿಡುವಂತಿಲ್ಲ. ಅದು ಡಾಸ್ ಕಾಲದಿಂದ ಒಂದು ಸಾಧನಕ್ಕೆ ಮೀಸಲಾದ ಹೆಸರು. ಅಲ್ಲೂ ಮ್ಯಾಕ್‌ನಲ್ಲೂ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡ ಅಕ್ಷರಕ್ಕೂ ಸಣ್ಣ ಅಕ್ಷರಕ್ಕೂ ಭೇದವಿಲ್ಲದ್ದರಿಂದ, ಲಿನಕ್ಸ್‌ನಲ್ಲಿ ಬೇರೆಬೇರೆಯಾಗಿ ಬಾಳುವ ಎರಡು ಕಡತಗಳು ಅಲ್ಲಿ ಒಂದನ್ನೊಂದು ನುಂಗುತ್ತವೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ನೆರವಿನಲ್ಲಿ, ದೇಹದ ಒಳಚಿತ್ರಗಳನ್ನು ಪರಿಶೀಲಿಸುವ ಐಟಿಕೆ ಎಂಬ ತಂತ್ರಾಂಶ ಸಿದ್ಧವಾಗುತ್ತಿದ್ದಾಗ, ಅದು ಎಲ್ಲ ಯಂತ್ರಗಳಲ್ಲೂ ಕಟ್ಟಿಕೊಳ್ಳಬೇಕೆಂದು ಕಿಟ್‌ವೇರ್ ಸಂಸ್ಥೆಯ ಬಿಲ್ ಹಾಫ್‌ಮನ್ ಮತ್ತು ಸಂಗಡಿಗರು 2000ದ ಸುಮಾರಿಗೆ ‘ಸಿ-ಮೇಕ್’ ಮಾಡಿದರು. 2006ರಲ್ಲಿ ಕೆಡಿಇಯವರು ಅದನ್ನು ಒಪ್ಪಿದ ಮೇಲೆ ಅದರ ನಸೀಬು ತೆರೆಯಿತು. 2013ರಲ್ಲಿ ಫಿನ್ಲೆಂಡಿನ ಯುಸ್ಸಿ ಪಕ್ಕನೆನ್ ‘ಮೆಸಾನ್’ ತಂದರು. ಪರದೆಯ ಮೇಲೆ ನಮ್ಮ ಒತ್ತಕ್ಷರಗಳನ್ನು ಜೋಡಿಸಿಕೊಡುವ ಹಾರ್ಫ್‌ಬಝ್ ಎಂಬ ತಂತ್ರಾಂಶವನ್ನು ಇವತ್ತು ಕಟ್ಟುವುದು ಮೆಸಾನ್‌ನಿಂದಲೇ. ನಾನೂ ಮೊದಲು ಆಟೋಕಾನ್ಫ್, ಆಮೇಲೆ ಸಿ-ಮೇಕ್ ಎಂದು ಮನೆ ಬದಲಾಯಿಸಿದವನೇ. ನನ್ನ ಬಳಿ ಮ್ಯಾಕ್ ಇರಲಿಲ್ಲ. ಭಾನುವಾರ ಸಂಜೆ ಗೆಳೆಯನ ಮನೆಗೆ ಹೋಗಿ, ಅವನ ಹೆಂಡತಿ ಕೊಟ್ಟ ಕಾಫಿ ಕುಡಿದು, ಅವನ ಯಂತ್ರದಲ್ಲಿ ಪರೀಕ್ಷೆ ಮಾಡಿ ಬರುತ್ತಿದ್ದೆ.

2018ರಲ್ಲಿ ಹಾಸನದ ಕಡೆಯ ಒಬ್ಬ ವಿದ್ಯಾರ್ಥಿನಿ ಕನ್ನಡದಲ್ಲೇ ಪತ್ರ ಬರೆದಳು: ‘ಸರ್, ಎಲ್ಲರಿಗೂ ಆಗುತ್ತದಂತೆ, ನನಗೆ ಮಾತ್ರ ಕಡತ ಸಿಗುತ್ತಿಲ್ಲ ಎನ್ನುತ್ತದೆ. ನನ್ನದೇ ತಪ್ಪಿರಬೇಕು.’ ಮೂರು ದಿನ ಪತ್ರ ವ್ಯವಹಾರವಾಯಿತು. ಕೊನೆಗೆ ಪರದೆಯ ಚಿತ್ರ ಕಳಿಸಮ್ಮ ಎಂದೆ. ಕಡತದ ದಾರಿಯಲ್ಲಿ ಅವಳ ಹೆಸರು ಇರಬೇಕಾದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು! ವಿಂಡೋಸ್‌ನಲ್ಲಿ ತನ್ನ ಖಾತೆಗೆ ಅವಳು ಕನ್ನಡದಲ್ಲಿ ಹೆಸರಿಟ್ಟಿದ್ದಳು. ಯುನಿಕೋಡ್‌ಗೆ ಮೊದಲಿನ ಹಳೆಯ ಪದ್ಧತಿಯಲ್ಲಿ ವಿಂಡೋಸ್ ಒಂದೊಂದು ಲಿಪಿಗೂ ಒಂದೊಂದು ‘ಕೋಡ್ ಪೇಜ್’ ಇಟ್ಟಿತ್ತು. ಕನ್ನಡಕ್ಕೆ ಅಂಥ ಕೋಡ್ ಪೇಜ್ ಇರಲಿಲ್ಲ. ಕನ್ನಡ ನೇರವಾಗಿ ಯುನಿಕೋಡ್ ಮೂಲಕವೇ ಬಂದದ್ದು. ನಾನು ಬರೆದಿದ್ದ ಒಂದು ಸಹಾಯಕ ಪ್ರೋಗ್ರಾಮು ಹಳೆಯ ಪದ್ಧತಿಯಲ್ಲೇ ಕಡತ ತೆರೆಯುತ್ತಿತ್ತು. ಹದಿನಾಲ್ಕು ವರ್ಷ ಜರ್ಮನ್ನರ ಹೆಸರು, ಜಪಾನೀಯರ ಹೆಸರು ಎಂದು ಜೋಪಾನ ಮಾಡಿದವನು, ನನ್ನ ಭಾಷೆಯ ಹೆಸರು ಬಂದಾಗ ಬಾಗಿಲು ಹಾಕಿದ್ದೆ. ತಿದ್ದಿದ್ದು ಹನ್ನೊಂದು ಸಾಲು. ‘ತಪ್ಪು ನಿನ್ನದಲ್ಲ, ನನ್ನದು’ ಎಂದು ಬರೆದೆ. ಮರುದಿನವೇ ಅವಳು, ಇದೇ ತಪ್ಪು ಇರುವ ಇನ್ನೆರಡು ಜಾಗಗಳನ್ನು ಹುಡುಕಿ ತಿದ್ದಿ ಕಳಿಸಿದಳು.

2023ರ ಹೊತ್ತಿಗೆ ನನಗೆ ದಣಿವಾಗಿತ್ತು. ಆ ವರ್ಷ ಹೊರದೇಶದ ಒಬ್ಬರು, ಮುಖ ಕಾಣದವರು, ಸಣ್ಣಪುಟ್ಟ ಒಳ್ಳೆಯ ತಿದ್ದುಪಡಿಗಳನ್ನು ಕಳಿಸುತ್ತಿದ್ದರು. ವಿನಯವಂತರು. ‘ಬೇಕಾದರೆ ನಿಮ್ಮ ಭಾರ ನಾನು ಹೊರುತ್ತೇನೆ’ ಎಂದರು. ಬೀಗದಕೈ ಕೊಟ್ಟುಬಿಡೋಣ ಎಂದುಕೊಂಡಿದ್ದೆ.

ಅಷ್ಟರಲ್ಲಿ 2024ರ ಮಾರ್ಚ್ 29 ಬಂತು. ಪೋಸ್ಟ್‌ಗ್ರೆಸ್ ಕೆಲಸದಲ್ಲಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬವರು, ತಮ್ಮ ಯಂತ್ರಕ್ಕೆ ದೂರದಿಂದ ಲಾಗಿನ್ ಆಗುವುದು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ, ‘ಎಕ್ಸ್‌ಝೆಡ್’ ಎಂಬ ಸಂಕ್ಷೇಪಕ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇರುವುದನ್ನು ಲೋಕಕ್ಕೆ ತಿಳಿಸಿದರು. ದಣಿದ ಒಬ್ಬರೇ ನೋಡಿಕೊಳ್ಳುತ್ತಿದ್ದ ತಂತ್ರಾಂಶ ಅದು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಬಂದವರು ಎರಡು ವರ್ಷಕ್ಕೂ ಮೀರಿ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ ಕೈ ಪಡೆದಿದ್ದರು. ಕಳ್ಳಮಾಲು ಬಚ್ಚಿಟ್ಟಿದ್ದುದು ಎಲ್ಲಿ? ಅರ್ಧ ಪರೀಕ್ಷೆಯ ಕಡತಗಳಲ್ಲಿ. ಅದನ್ನು ಬಿಚ್ಚುವ ಕೈ ಬಿಲ್ಡ್ ಸ್ಕ್ರಿಪ್ಟಿನಲ್ಲಿ. ಆ ಸ್ಕ್ರಿಪ್ಟಿನ ಸಾಲುಗಳು ಎಲ್ಲರೂ ನೋಡಬಹುದಾದ ಸೋರ್ಸ್ ಭಂಡಾರದಲ್ಲಿರಲಿಲ್ಲ. ಹಂಚಿದ ಗಂಟಿನಲ್ಲಿ ಮಾತ್ರ ಇದ್ದವು. ಅದು ಕೂಡ ನಮ್ಮ ಹಾಗೆಯೇ ಇದು ಯಾವ ಯಂತ್ರ, ಯಾವ ಲಿನಕ್ಸ್ ಎಂದು ಮೊದಲು ತಪಾಸಣೆ ಮಾಡಿ, ತನಗೆ ಬೇಕಾದ ಮನೆಯಲ್ಲಿ ಮಾತ್ರ ಕನ್ನ ಹಾಕುತ್ತಿತ್ತು. ಸಿ-ಮೇಕ್ ಕಡತದಲ್ಲಂತೂ ಒಂದೇ ಒಂದು ಚುಕ್ಕೆ ಸೇರಿಸಿ, ಒಂದು ರಕ್ಷಣೆಯ ಪರೀಕ್ಷೆ ಯಾವಾಗಲೂ ‘ಇಲ್ಲ’ ಎನ್ನುವಂತೆ ಮಾಡಿದ್ದರು. ಯಾರೂ ಓದದ ಜಾಗ ಯಾವುದೆಂದು ಕಳ್ಳನಿಗೆ ಚೆನ್ನಾಗಿ ಗೊತ್ತಿತ್ತು. ಅದು ಉಗ್ರಾಣ.

ಆ ರಾತ್ರಿ ನಾನು ನನ್ನ ಸ್ಕ್ರಿಪ್ಟುಗಳನ್ನೆಲ್ಲ ಒಂದೊಂದು ಸಾಲೂ ಬಿಡದೆ ಓದಿದೆ. ಆ ವಿನಯವಂತರು ಕಳಿಸಿದ್ದನ್ನು ಎರಡು ಸಲ ಓದಿದೆ. ಒಂದು ತಪ್ಪೂ ಸಿಗಲಿಲ್ಲ. ಆದರೂ ಕೈ ಕೊಡಲು ಮನಸ್ಸಾಗಲಿಲ್ಲ. ಕಾರಣ ಮುಚ್ಚಿಡದೆ ಅವರಿಗೆ ಪತ್ರ ಬರೆದೆ. ‘ಅರ್ಥವಾಗುತ್ತದೆ’ ಎಂದು ಒಂದು ಸಾಲು ಬಂತು. ಆಮೇಲೆ ಅವರಿಂದ ಏನೂ ಬರಲಿಲ್ಲ. ಒಬ್ಬ ಸಜ್ಜನರನ್ನು ಅವಮಾನಿಸಿದೆನೇನೋ ಎಂಬ ಕೊರಗು ನನಗೆ ಇವತ್ತಿಗೂ ಇದೆ. ಕಳ್ಳನೊಬ್ಬ ಕದ್ದದ್ದು ನಮ್ಮ ನಮ್ಮ ನಡುವಿನ ಇಂಥ ವಿಶ್ವಾಸವನ್ನೂ.

ಮಾವ ಹೇಗೆ ಬೀಗದಕೈ ದಾಟಿಸಿದರು ಎಂದು ನೆನಪು ಮಾಡಿಕೊಂಡೆ. ಅವರ ತಮ್ಮನ ಮಗನನ್ನು ನಾಲ್ಕು ಮದುವೆಗಳಲ್ಲಿ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಅವನು ಎಣಿಸಿದ್ದನ್ನು ಇವರು, ಇವರು ಎಣಿಸಿದ್ದನ್ನು ಅವನು ಮತ್ತೆ ಎಣಿಸಬೇಕು. ನಮ್ಮಲ್ಲೂ ಈಗ ಅದೇ ಪದ್ಧತಿ. ಇಬ್ಬರು ನೋಡದೆ ಒಂದು ಸಾಲೂ ಒಳಗೆ ಹೋಗುವುದಿಲ್ಲ, ನನ್ನದಾದರೂ ಸರಿ. ಹಂಚುವ ಗಂಟನ್ನು ಕೈಯಿಂದ ಕಟ್ಟುವುದಿಲ್ಲ. ಭಂಡಾರದಲ್ಲಿ ಇರುವುದರಿಂದಲೇ ಯಂತ್ರ ಕಟ್ಟುತ್ತದೆ. ಎರಡನೆಯವಳಾಗಿ ಬಂದವಳು ಹಾಸನದ ಆ ಹುಡುಗಿ. ಈಗ ಅವಳಿಗೆ ಮದುವೆಯಾಗಿ, ಕೆಲಸದಲ್ಲಿದ್ದಾಳೆ.

ಹೋದ ತಿಂಗಳು ನನ್ನದೊಂದು ತಿದ್ದುಪಡಿಯನ್ನು ಅವಳು ಒಪ್ಪದೆ ವಾಪಸು ಕಳಿಸಿದಳು. ‘ಸರ್, ಈ ಪರೀಕ್ಷೆ ಯಾವ ಯಂತ್ರಕ್ಕೆ? ಹುಡುಕಿದೆ, ಅದನ್ನು ಬಳಸುವವರು ಒಬ್ಬರೂ ಸಿಗಲಿಲ್ಲ’ ಎಂದು ಬರೆದಿದ್ದಳು. ನಾನು ಜವಾಬು ಬರೆಯಲು ಕೂತೆ, ಅರ್ಧ ಗಂಟೆ ಯೋಚಿಸಿದೆ, ನೆನಪಾಗಲಿಲ್ಲ. ಆ ಸಾಲುಗಳನ್ನು ತೆಗೆದುಹಾಕಿದೆ. ಮೂರೂ ಕಡೆ ಕಟ್ಟಿತು.