ಕಂಬಿಯಿಲ್ಲದ ಸ್ಟೇಷನ್ನು

ಹೊಸೂರು ಸೀಮೆಯ ನಮ್ಮೂರಿನ ಹೊರಗೆ ಹುಣಸೆಮರಗಳ ಪಕ್ಕ ಒಂದು ಪಾಳು ಕಲ್ಲುಕಟ್ಟಡವಿತ್ತು. ನಾನು ಹುಡುಗನಾಗಿದ್ದಾಗ ಅಲ್ಲಿ ದನ ಕಟ್ಟುತ್ತಿದ್ದರು. ಮುಂದೆ ಕಂಬಿಯೂ ಇಲ್ಲ, ರೈಲೂ ಇಲ್ಲ. ಆದರೂ ಊರವರೆಲ್ಲ ಅದನ್ನು 'ಟೇಸನ್ನು' ಎಂದೇ ಕರೆಯುತ್ತಿದ್ದರು. ಏಕೆಂದು ಅಜ್ಜಿಯನ್ನು ಕೇಳಿದೆ. "ಬರಗಾಲಕ್ಕೆ ಅಂತ ಕಟ್ಟಿದ್ದು ಕಣಪ್ಪ. ಎತ್ತು ಸತ್ತೋದ್ರೆ ಗಾಡಿ ಯಾರು ಎಳೀತಾರೆ?" ಎಂದಳು.

ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ.

1876ರಿಂದ 78ರವರೆಗೆ ದಕ್ಷಿಣ ದೇಶವನ್ನು ದೊಡ್ಡ ಬರ ಸುಟ್ಟಿತು. ನಾವು ಧಾತು ಈಶ್ವರದ ಬರ ಎನ್ನುತ್ತೇವೆ, ತಮಿಳಿನವರು ತಾದು ವರುಷದ ಪಂಜಂ ಎನ್ನುತ್ತಾರೆ. ಹೆಸರಿನಲ್ಲಿ ಭೇದವಿದೆ, ಹಸಿವಿನಲ್ಲಿ ಇರಲಿಲ್ಲ. ಮೇವಿಲ್ಲದೆ ಎತ್ತುಗಳು ಸತ್ತವು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ತರಲು ಗಾಡಿಗಳೇ ಇಲ್ಲದಂತಾಯಿತು. 1880ರಲ್ಲಿ ಕ್ಷಾಮ ಆಯೋಗವು, ಇಂಥ ಸೀಮೆಗಳಿಗೆ ರೈಲು ಬೇಕು ಎಂದಿತು. ಲಾಭ ಬರಲಿ ಬಿಡಲಿ, ಜನ ಉಳಿಯಬೇಕೆಂಬುದು ಆ ದಾರಿಗಳ ಲೆಕ್ಕ.

ಹಾಗೆ 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ, 1913ರಲ್ಲಿ ಅಲ್ಲಿಂದ ಹೊಸೂರಿಗೆ ಸಣ್ಣ ರೈಲು ಬಂತು. ಆಗ ಹೊಸೂರು ಸೇಲಂ ಜಿಲ್ಲೆಯ ತಾಲ್ಲೂಕು. ಖರ್ಚು ಕಡಿಮೆ ಮಾಡಲು ಕಂಬಿಗಳ ನಡುವೆ ಬರೀ 2 ಅಡಿ 6 ಅಂಗುಲ ಅಂತರ ಇಟ್ಟರು. ದೊಡ್ಡ ಲೈನಿನದು 5 ಅಡಿ 6 ಅಂಗುಲ. ಆದ್ದರಿಂದ ಮೊರಪ್ಪೂರಿನಲ್ಲಿ ಜನರೂ ಇಳಿಯಬೇಕು, ಮೂಟೆಗಳನ್ನೂ ಇಳಿಸಿ ಬೇರೆ ಡಬ್ಬಿಗೆ ಏರಿಸಬೇಕು.

1941ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಈ ರೈಲು ನಿಂತಿತು. ಕಂಬಿ ಕಿತ್ತರು. ಹೊಸೂರಿಗೆ ರೈಲಿದ್ದದ್ದು 28 ವರ್ಷ ಮಾತ್ರ. 1960ರ ದಶಕದಲ್ಲಿ ಬೆಂಗಳೂರು-ಸೇಲಂ ಮೀಟರ್‌ಗೇಜ್ ದಾರಿ ಬಂದು, 1990ರ ದಶಕದಲ್ಲಿ ಅದು ಬ್ರಾಡ್‌ಗೇಜ್ ಆಯಿತು. ಮೊರಪ್ಪೂರು-ಧರ್ಮಪುರಿ ನಡುವೆ ಮತ್ತೆ ರೈಲು ತರಲು 2019ರಲ್ಲಿ ಶಂಕುಸ್ಥಾಪನೆ ನಡೆಯಿತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ವರ್ಷದ ಕೊನೆಗೆ ಜಮಾ-ಖರ್ಚು ಕೂಡಿಸಿ, ಲಾಭವೋ ನಷ್ಟವೋ ಎಂದು ಬರೆಯುವುದೇ ನನ್ನ ಕೆಲಸವಾಗಿತ್ತು. ಆದರೆ ವಿಮೆ ಕಟ್ಟಿದವನು, ಮನೆಗೆ ಬೆಂಕಿ ಬೀಳಲಿಲ್ಲವೆಂದು ನಷ್ಟ ಎನ್ನುತ್ತಾನೆಯೇ? ಆ ಸ್ಟೇಷನ್ನು ನಮ್ಮ ಸೀಮೆಯ ವಿಮೆಯಾಗಿತ್ತು.

ಕೆಲವು ವರ್ಷಗಳ ಹಿಂದೆ ಮಕ್ಕಳು ಕಡಿಮೆ ಎಂದು ನಮ್ಮ ಕಡೆಯ ಒಂದು ಕನ್ನಡ ಶಾಲೆ ಮುಚ್ಚುವ ಮಾತು ಬಂತು. ಆಗ ನನಗೆ ಅಜ್ಜಿಯ ಟೇಸನ್ನು ನೆನಪಾಯಿತು. ಕಂಬಿ ಕೀಳುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಮತ್ತೆ ಹಾಕಲು ಎಷ್ಟು ವರ್ಷ ಬೇಕೆಂದು ಹೊಸೂರಿನವರನ್ನೂ ಧರ್ಮಪುರಿಯವರನ್ನೂ ಕೇಳಿ ನೋಡಿ.

ನಿಮ್ಮೂರಿನಲ್ಲೂ ಇಂಥ ಪಾಳು ಗೋಡೆ ಇದ್ದರೆ, ಅದನ್ನು ಯಾವ ಕಷ್ಟಕ್ಕೆ ಕಟ್ಟಿದರೆಂದು ಹಿರಿಯರು ಇರುವಾಗಲೇ ಕೇಳಿಟ್ಟುಕೊಳ್ಳಿ.